ತೇರಿನ ಮರುದಿನ ಹುಟ್ಟಿದವನ ಒಂಟಿ ಬರ್ತ್‌ಡೇ

ನಮ್ಮ ಟೀಮಿನಲ್ಲಿ ಪ್ರತಿ ವರ್ಷ ಜೂನ್ 1ಕ್ಕೆ ಒಂದೇ ಕೇಕ್ ಬರುತ್ತೆ. ಅದರ ಮೇಲೆ ಮೂರು ಹೆಸರು. ಒಬ್ಬ ಹರಪನಹಳ್ಳಿ ಕಡೆಯವನು, ಒಬ್ಬಳು ಸಿಂಧನೂರಿನವಳು, ಮೂರನೆಯವನು ನಾನು, ಕೊಟ್ಟೂರಿನ ಹತ್ತಿರದ ಒಂದು ಹಳ್ಳಿಯವನು. ದೆಹಲಿಯಲ್ಲಿ ಬೆಳೆದ ನಮ್ಮ ಮ್ಯಾನೇಜರ್‌ಗೆ ಮೊದಲ ವರ್ಷ ಭಾರೀ ಆಶ್ಚರ್ಯ. ಒಂದೇ ಟೀಮಿನಲ್ಲಿ ಮೂವರು ಒಂದೇ ದಿನ ಹುಟ್ಟಿದ್ದಾರಲ್ಲ ಅಂತ. ನಾವು ಮೂವರೂ ಮುಖ ಮುಖ ನೋಡಿಕೊಂಡು ನಕ್ಕೆವು.

ನಿಮಗೆ ಗೊತ್ತೇ ಇರುತ್ತೆ. ಅದು ನಾವು ಹುಟ್ಟಿದ ದಿನ ಅಲ್ಲ, ಮೇಷ್ಟ್ರು ಬರೆದ ದಿನ. ಒಂದನೇ ಕ್ಲಾಸಿಗೆ ಸೇರಿಸುವಾಗ ವಯಸ್ಸು ಲೆಕ್ಕ ಹಾಕೋದು ಜೂನ್ 1ಕ್ಕೆ. ಅಪ್ಪನಿಗೆ ತಾರೀಖು ನೆನಪಿರಲಿಲ್ಲ, ಕೈಯಲ್ಲಿ ಕಾಗದ ಇರಲಿಲ್ಲ. ಮೇಷ್ಟ್ರು ಲೆಕ್ಕಕ್ಕೆ ಅನುಕೂಲ ಆಗೋ ಹಾಗೆ 1-6 ಅಂತ ಬರೆದರು. ಅದೇ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ಬಂತು, ಅಲ್ಲಿಂದ ಪ್ಯಾನ್, ಪಾಸ್‌ಪೋರ್ಟ್, ಪಿಎಫ್ ಎಲ್ಲ ಕಡೆಗೂ ಹೋಯಿತು. ಜನನ ಮರಣ ನೋಂದಣಿ ಕಾಯ್ದೆ 1969ರಲ್ಲೇ ಬಂದಿದೆ. ಆದರೆ ನಾನು ಹುಟ್ಟಿದಾಗ ನಮ್ಮ ಮನೆಯಲ್ಲಿ ಅದರ ಸುದ್ದಿ ಯಾರಿಗೂ ಇರಲಿಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಈ ತಮಾಷೆ ಇರೋದಿಲ್ಲ. ಶಾಲೆಗೂ ಪಾಸ್‌ಪೋರ್ಟಿಗೂ ಅವರ ಜನ್ಮ ದಿನಾಂಕಕ್ಕೆ ಜನನ ಪ್ರಮಾಣಪತ್ರವೇ ದಾಖಲೆ ಅಂತ ಕಾನೂನು ತಿದ್ದುಪಡಿ ಆಗಿದೆ.

ಹರಪನಹಳ್ಳಿ ಗೆಳೆಯನದು ಇನ್ನೂ ಮಜಾ. ಅವನ ತಾಲೂಕು ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ವಾಪಸ್ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. "ನನ್ ಜಿಲ್ಲೆನೂ ಖಾತ್ರಿ ಇಲ್ಲ, ಡೇಟೂ ಖಾತ್ರಿ ಇಲ್ಲ, ಸಂಬಳ ಮಾತ್ರ ಒಂದನೇ ತಾರೀಖಿಗೆ ಬರ್ತೈತಿ ಮಾರಾಯ" ಅಂತಾನೆ.

ಅಜ್ಜಿಯ ಕ್ಯಾಲೆಂಡರ್

ಹಾಗಾದರೆ ನಿಜವಾಗಿ ನಾನು ಹುಟ್ಟಿದ್ದು ಯಾವಾಗ? ಅದು ನನ್ನ ಅಜ್ಜಿಗೆ ಗೊತ್ತಿತ್ತು. ಅಜ್ಜಿಗೆ ಫೆಬ್ರವರಿ, ಮಾರ್ಚ್ ಅಂದರೆ ಏನೂ ಇಲ್ಲ. ಭರತ ಹುಣ್ಣಿಮೆ ಅಂದರೆ ಮೈಲಾರದ ಜಾತ್ರೆ. ಗೊರವಯ್ಯ ಬಿಲ್ಲು ಏರಿ ಕಾರಣಿಕ ನುಡಿದನಾ, ಆ ವರ್ಷದ ಮಳೆ ಬೆಳೆ ಮಾತು ಶುರು. ಅದಾದ ಮೇಲೆ ಮಾಘ ಬಹುಳ ದಶಮಿಗೆ ಕೊಟ್ಟೂರು ಬಸವೇಶ್ವರನ ತೇರು. ಅದಾಗಿ ನಾಲ್ಕೈದು ದಿನಕ್ಕೆ ಶಿವರಾತ್ರಿ. ಮನೆಯ ಹುಟ್ಟು, ಸಾವು, ಮದುವೆ ಎಲ್ಲ ಈ ಕ್ಯಾಲೆಂಡರಿನಲ್ಲೇ ಇದ್ದವು. ನನ್ನ ಎಂಟ್ರಿ ಹೀಗೆ: "ತೇರು ಎಳದ ಮರುದಿನ ಮುಂಜಾನಿ ಹುಟ್ಟಿದಿ."

ನಾನು ಬೆಂಗಳೂರಿಗೆ ಬಂದ ಮೇಲೆ ಪ್ರತಿ ವರ್ಷ ತೇರಿನ ಮರುದಿನ ಬೆಳಗ್ಗೆ ಆರಕ್ಕೆ ಅಜ್ಜಿಯ ಫೋನ್ ಬರುತ್ತಿತ್ತು. ಹ್ಯಾಪಿ ಬರ್ತ್‌ಡೇ ಅಲ್ಲ. "ಎದ್ದೀಯೇನಪ್ಪಾ? ಉಂಡೀಯೇನು? ಇವತ್ತು ಹುಟ್ಟಿದ್ದಿ ನೋಡು ನೀನು" ಅಷ್ಟೇ, ಕಟ್. ಜೂನ್ 1ಕ್ಕೆ ಬ್ಯಾಂಕು, ಇನ್ಶೂರೆನ್ಸ್, ಬಟ್ಟೆ ಅಂಗಡಿ ಎಲ್ಲದರಿಂದಲೂ ಮೆಸೇಜ್ ಬರುತ್ತೆ. ಈ ಇನ್ನೊಂದು ದಿನಕ್ಕೆ ಬರುತ್ತಿದ್ದದ್ದು ಒಂದೇ ಫೋನು.

ಕಳೆದ ಕಾರ್ತೀಕದಲ್ಲಿ ಅಜ್ಜಿ ಹೋದಳು.

ತೇರು ಹತ್ತಿರ ಬಂದಂತೆ ನನಗೆ ಒಂದು ವಿಚಿತ್ರ ಭಯ. ಆ ದಿನ ಬೆಳಗ್ಗೆ ಆರಕ್ಕೆ ಎಚ್ಚರ ಆಗುತ್ತೆ, ಫೋನ್ ರಿಂಗ್ ಆಗಲ್ಲ. ಆಮೇಲೆ ಸ್ಟ್ಯಾಂಡಪ್ ಕಾಲ್, ಟಿಕೆಟ್, ಡಿಪ್ಲಾಯ್‌ಮೆಂಟ್. ಹುಟ್ಟುಹಬ್ಬ ಅಂತ ಜಗತ್ತಿನಲ್ಲಿ ಯಾರಿಗೂ ಗೊತ್ತಿರದೆ ದಿನ ಮುಗಿದುಹೋಗುತ್ತೆ. ರೂಮ್‌ಮೇಟ್‌ಗೆ ಹೇಳಬಹುದಿತ್ತು. ಹೇಳಿದರೆ ಇನ್ನೊಂದು ಕೇಕ್ ಬರುತ್ತಿತ್ತು, ಅಷ್ಟೇ. ಅದಕ್ಕೆ ಎರಡು ದಿನ ರಜೆ ಹಾಕಿದೆ. ಕಾರಣ: ಪರ್ಸನಲ್.

ಎಲ್ಲರೂ ಹೊರಟಾಗ ನಾನು ಒಳಗೆ

ತೇರಿನ ರಾತ್ರಿ ಬೆಂಗಳೂರಿನಿಂದ ಬಸ್ಸು ಹತ್ತಿ ಬೆಳಗಿನ ಜಾವ ಕೂಡ್ಲಿಗಿಯಲ್ಲಿ ಇಳಿದೆ. ಎದುರಿನಿಂದ ಬರುವ ಬಸ್ಸು, ಟ್ರ್ಯಾಕ್ಸು, ಟ್ರ್ಯಾಕ್ಟರುಗಳೆಲ್ಲ ಜಾತ್ರೆ ಮುಗಿಸಿ ವಾಪಸ್ ಹೊರಟ ಜನರಿಂದ ತುಂಬಿದ್ದವು. ಕೊಟ್ಟೂರಿಗೆ ಹೋಗೋ ಬಸ್ಸಿನಲ್ಲಿ ನಾನು, ಡ್ರೈವರ್, ಕಂಡಕ್ಟರ್, ಇನ್ನಿಬ್ಬರು. ಕಂಡಕ್ಟರ್ ಕೇಳಿಯೇಬಿಟ್ಟ, "ಸರ್, ತೇರು ನಿನ್ನೆನ ಆತಲ್ಲ?"

ತೇರಿನ ದಿನದ ಕೊಟ್ಟೂರನ್ನು ನೀವು ನೋಡಿರಬಹುದು. ನಡೆದುಕೊಂಡೇ ಬಂದ ಪಾದಯಾತ್ರಿಗಳು, ಬಾಳೆಹಣ್ಣು ಉತ್ತತ್ತಿ ಎಸೆಯೋರು, ಕಾಲಿಡೋಕೆ ಜಾಗ ಇಲ್ಲ. ಮರುದಿನದ ಕೊಟ್ಟೂರನ್ನು ನಾನೂ ಅಲ್ಲಿಯವರೆಗೆ ಸರಿಯಾಗಿ ನೋಡಿರಲಿಲ್ಲ. ಬೀದಿಯಲ್ಲಿ ತುಳಿದ ಬಾಳೆಹಣ್ಣಿನ ವಾಸನೆ. ಅಂಗಡಿಯವರು ಅರ್ಧ ನಿದ್ದೆಯಲ್ಲಿ ಬಳೆ, ಗೊಂಬೆ ಎಣಿಸಿ ಎತ್ತಿಡುತ್ತಿದ್ದರು. ತೇರು ಸುಮ್ಮನೆ ನಿಂತಿತ್ತು. ಸ್ವಾಮಿಯ ದರ್ಶನಕ್ಕೆ ಕ್ಯೂ ಉದ್ದ ಇರಲಿಲ್ಲ, ಯಾರೂ ದೂಡಲಿಲ್ಲ. ಹೊರಗೆ ಬಂದು ಒಂದು ಪ್ಲೇಟ್ ಮಂಡಕ್ಕಿ, ಎರಡು ಮಿರ್ಚಿ ತಗೊಂಡು ಫೋನ್ ಜೇಬಲ್ಲೇ ಇಟ್ಟುಕೊಂಡು ತಿಂದೆ. ಒಬ್ಬನೇ ಕೂತು ತಿಂದರೆ ಯಾರಾದರೂ ನೋಡ್ತಾರೇನೋ ಅನ್ನೋ ಮುಜುಗರ ಮೊದಲ ಐದು ನಿಮಿಷ ಇತ್ತು. ಆಮೇಲೆ ಗೊತ್ತಾಯಿತು, ಯಾರೂ ನೋಡ್ತಿಲ್ಲ.

ಅಲ್ಲೇ ಇರೋ ಕಾಕನ ಬೈಕು ತಗೊಂಡು ಹಗರಿಬೊಮ್ಮನಹಳ್ಳಿ ಕಡೆ ಹೊರಟೆ. ಅಂಕಸಮುದ್ರ ಕೆರೆಗೆ. ಚಿಕ್ಕವನಿದ್ದಾಗ ಎಷ್ಟೋ ಸಲ ಆ ಕಡೆ ಹೋಗಿದ್ದೇನೆ, ಇಳಿದು ನೋಡಿದ್ದಿಲ್ಲ. ಸುಮಾರು 98 ಹೆಕ್ಟೇರಿನ ನೀರಾವರಿ ಕೆರೆ ಅದು. ನೀರಿನಲ್ಲೇ ನಿಂತ ಜಾಲಿ ಮರಗಳು, ಅದರ ಮೇಲೆಲ್ಲ ಹಕ್ಕಿಗಳು. ಈಗ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ. 2024ರ ಜನವರಿಯಲ್ಲಿ ಅಂತಾರಾಷ್ಟ್ರೀಯ ಮಹತ್ವದ ರಾಮ್‌ಸಾರ್ ಜೌಗು ತಾಣಗಳ ಪಟ್ಟಿಗೆ ಸೇರಿದ ಸುದ್ದಿ ಬಂತು. ದಂಡೆ ಮೇಲೆ ಒಂದೂವರೆ ಗಂಟೆ ಕೂತಿದ್ದೆ. ಬಣ್ಣದ ಕೊಕ್ಕರೆ, ನೀರುಕಾಗೆ ಬಿಟ್ಟರೆ ಬೇರೆ ಹಕ್ಕಿಗಳ ಹೆಸರು ನನಗೆ ಬರಲ್ಲ. ಹೆಸರು ಬರದಿದ್ದರೂ ನಡೆಯುತ್ತೆ. ಅಲ್ಲಿ ಕೂತಾಗಲೇ ಅಜ್ಜಿ ನೆನಪಾಗಿ ಸ್ವಲ್ಪ ಅತ್ತೆ. ಬೆಂಗಳೂರಿನ ರೂಮಿನಲ್ಲಿ ಅದು ಆಗುತ್ತಿರಲಿಲ್ಲ.

ಅಮ್ಮ ಹೇಳಿದ ಕತೆ

ಮಧ್ಯಾಹ್ನ ಊರಿಗೆ ಹೋದೆ. ಅಮ್ಮ ಬಾಗಿಲಲ್ಲೇ, "ಏನಪ್ಪಾ, ತೇರಿಗೆ ಬರ್ಲಿಲ್ಲ, ಇವತ್ತು ಬಂದಿ?" ಅಂದಳು. ಆಮೇಲೆ ಅವಳಿಗೇ ನೆನಪಾಯಿತು. ಅಮ್ಮ ಮರೆತವಳಲ್ಲ. ಫೋನ್ ಮಾಡೋ ಕೆಲಸ ಅತ್ತೆಯದು ಅಂತ ಮೂವತ್ತು ವರ್ಷ ಬಿಟ್ಟುಕೊಟ್ಟಿದ್ದಳು.

ಊಟ ಆದ ಮೇಲೆ, ನಾನು ಹುಟ್ಟಿದ ದಿನ ಏನೇನಾಯ್ತು ಹೇಳು ಅಂತ ಕೇಳಿದೆ. ಇಷ್ಟು ವರ್ಷದಲ್ಲಿ ಕೇಳಿರಲೇ ಇಲ್ಲ. ಊರಿಗೆ ಊರೇ ತೇರಿಗೆ ಹೋಗಿತ್ತಂತೆ. ಅಪ್ಪನೂ ಹೋಗಿದ್ದ, ಸೂಲಗಿತ್ತಿಯೂ ಹೋಗಿದ್ದಳು. ಎತ್ತಿನ ಗಾಡಿ, ಟ್ರ್ಯಾಕ್ಟರು ಎಲ್ಲ ಕೊಟ್ಟೂರಲ್ಲಿ. ಮನೆಯಲ್ಲಿ ಅಮ್ಮ, ಅಜ್ಜಿ ಇಬ್ಬರೇ. ರಾತ್ರಿ ನೋವು ಶುರುವಾಯಿತು. ಅಜ್ಜಿ ನಡುರಾತ್ರಿ ಯಾರಾದರೂ ಸಿಕ್ಕಾರಾ ಅಂತ ಲಾಟೀನು ಹಿಡಿದು ಹೋಗಿ, ಯಾರೂ ಸಿಗದೆ ವಾಪಸ್ ಬಂದಳಂತೆ. ಬೆಳಕು ಹರಿಯೋ ಹೊತ್ತಿಗೆ ತೇರಿನಿಂದ ನಡೆದು ಬಂದ ಸೂಲಗಿತ್ತಿ ಸೀದಾ ನಮ್ಮ ಮನೆಗೇ ಬಂದಳು.

"ಅವ್ವ ಹೊರಗ ಹೋದಾಗ ಒಂದು ತಾಸು ಒಬ್ಬಾಕೆನ ಇದ್ದೆ. ಅಂಜಿಕಿ ಅಂದ್ರ ಅಂಜಿಕಿ" ಅಂದಳು ಅಮ್ಮ.

ನಾನು ಒಬ್ಬನೇ ಆಚರಿಸಬೇಕಲ್ಲ ಅಂತ ಹೆದರಿದ್ದ ಆ ದಿನದಲ್ಲಿ ಮೊದಲು ಒಬ್ಬಳೇ ಇದ್ದವಳು ಅಮ್ಮ. ಮೂವತ್ತು ವರ್ಷ ಆದ ಮೇಲೆ ಇದು ನನಗೆ ಗೊತ್ತಾಯಿತು.

ಬ್ಯಾಗಿನಲ್ಲಿ ಕೊಟ್ಟೂರಿನಿಂದ ತಂದ ಅಂಟಿನುಂಡೆ ಇತ್ತು. ಕೊರಿಯಾದಲ್ಲಿ ಹುಟ್ಟುಹಬ್ಬದ ದಿನ ಸಮುದ್ರದ ಪಾಚಿಯ ಸೂಪ್ ಕುಡೀತಾರೆ. ಅಲ್ಲಿ ಬಾಣಂತಿಯರಿಗೆ ಕೊಡೋ ಸೂಪ್ ಅದು, ತಾಯಿಯನ್ನು ನೆನೆಯೋಕೆ ಮಕ್ಕಳೂ ಆ ದಿನ ಕುಡೀತಾರೆ. ಇದನ್ನು ಎಲ್ಲೋ ಓದಿದ್ದೆ. ನಮ್ಮ ಬಾಣಂತಿಯರ ಸೂಪ್ ಅಂದರೆ ಅಂಟಿನುಂಡೆಯೇ ತಾನೆ? "ಬಾಣಂತೇರು ತಿನ್ನೋದು ನಿನಗ್ಯಾಕೋ" ಅಂತ ಅಮ್ಮ ನಕ್ಕಳು. "ನನಗಲ್ಲ, ನಿನಗೆ" ಅಂದೆ. ಇಬ್ಬರೂ ಒಂದೊಂದು ತಿಂದೆವು. ಕೇಕ್ ಇರಲಿಲ್ಲ, ಮೇಣದಬತ್ತಿ ಇರಲಿಲ್ಲ.

ನಿಮ್ಮ ದಿನಕ್ಕೆ ಒಂದಿಷ್ಟು ಐಡಿಯಾ

ಪಿಜಿಯಲ್ಲೋ, ಬೇರೆ ಊರಲ್ಲೋ, ಬೇರೆ ದೇಶದಲ್ಲೋ ಒಬ್ಬರೇ ಇದ್ದು ಹುಟ್ಟುಹಬ್ಬ ಹತ್ತಿರ ಬರ್ತಿದ್ದರೆ, ನನಗೆ ಕೆಲಸಕ್ಕೆ ಬಂದದ್ದನ್ನು ಹೇಳ್ತೀನಿ.

ನಿಮ್ಮ ನಿಜವಾದ ದಿನ ಹುಡುಕಿ. ದಾಖಲೆಯಲ್ಲಿ ಜೂನ್ 1 ಅಥವಾ ಜನವರಿ 1 ಇದ್ದರಂತೂ ಖಂಡಿತ. ಮನೆಯಲ್ಲಿ ಹಿರಿಯರನ್ನು ಕೇಳಿ: ಯಾವ ಹಬ್ಬದ ಹಿಂದೆ ಮುಂದೆ, ಮಳೆ ಇತ್ತಾ, ಸುಗ್ಗಿನಾ? ಹಬ್ಬ ಸಿಕ್ಕರೆ ಆ ವರ್ಷದ ಪಂಚಾಂಗ ನೋಡಿ. ನನ್ನದು ಫೆಬ್ರವರಿ ಕೊನೆಯ ವಾರಕ್ಕೆ ಬಂತು.

ಹುಟ್ಟಿದ ಕತೆಯನ್ನು ರೆಕಾರ್ಡ್ ಮಾಡಿ. ಫೋನಿನಲ್ಲಿ ಹತ್ತು ನಿಮಿಷ ಸಾಕು. ಅಜ್ಜಿಯ ದನಿ ನನ್ನ ಹತ್ತಿರ ಒಂದೇ ಒಂದು ಸೆಕೆಂಡ್ ಕೂಡ ಇಲ್ಲ. ನೀವು ಈ ತಪ್ಪು ಮಾಡಬೇಡಿ. ಈ ಪಟ್ಟಿಯಲ್ಲಿ ಒಂದೇ ಮಾಡೋದಾದರೆ ಇದನ್ನೇ ಮಾಡಿ.

ಹಿಂದಿನ ರಾತ್ರಿಯೇ ಒಂದು ಪ್ಲಾನ್ ಮಾಡಿ. ಒಂದೇ, ಹತ್ತು ಬೇಡ. ಪ್ಲಾನ್ ಇಲ್ಲದಿದ್ದರೆ ಬೆಳಗ್ಗೆಯಿಂದ ಯಾರು ವಿಶ್ ಮಾಡಿದರು, ಯಾರು ಮಾಡಲಿಲ್ಲ ಅಂತ ಸ್ಕ್ರೀನ್ ನೋಡೋದೇ ಆಗುತ್ತೆ. ಅರ್ಧ ದಿನ ಡೇಟಾ ಆಫ್ ಮಾಡಿ, ಮನೆಯ ಫೋನ್ ಮಾತ್ರ ಬರಲಿ.

ಯಾವಾಗಲೂ ದಾಟಿ ಹೋದ ಜಾಗದಲ್ಲಿ ಒಮ್ಮೆ ಇಳಿಯಿರಿ. ನಮ್ಮ ಐದು ತಾಲೂಕಿನವರಾದರೆ ದೂರ ಹೋಗಬೇಕಿಲ್ಲ. ಹರಪನಹಳ್ಳಿಯವರಿಗೆ ಬಾಗಳಿಯ ಸಾವಿರ ವರ್ಷ ಹಳೆಯ ಕಲ್ಲೇಶ್ವರ ಗುಡಿ ಇದೆ. ಕೂಡ್ಲಿಗಿಯವರಿಗೆ ಗುಡೇಕೋಟೆಯ ಬಂಡೆಗುಡ್ಡಗಳು, ಅದು ಕರಡಿಧಾಮ, ಹಗಲಲ್ಲೇ ಹೋಗಿ ಬನ್ನಿ. ಹಡಗಲಿಯಲ್ಲಿ ಜಿಐ ಟ್ಯಾಗ್ ಪಡೆದ ನಮ್ಮದೇ ಮಲ್ಲಿಗೆಯ ತೋಟಗಳು. ಕೊಟ್ಟೂರಿನವರಿಗೆ ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿ. "ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು" ಅಂತ ನಮ್ಮ ಕಡೆ ಮಾತಿದೆ, ಅಲ್ಲಿಯ ಕೆತ್ತನೆಯ ಚೆಲುವೆಲ್ಲ ಒಳಗಿದೆ. ಒಬ್ಬರೇ ಹೋದರೆ ಎಷ್ಟು ಹೊತ್ತು ಬೇಕಾದರೂ ಮೇಲೆ ನೋಡುತ್ತ ನಿಲ್ಲಬಹುದು. ಕಾರಿಲ್ಲ ಅಂತ ಕೂರಬೇಡಿ, ಹೊಸಪೇಟೆ–ಹರಿಹರ ಪ್ಯಾಸೆಂಜರ್ ರೈಲು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಮೇಲೆಯೇ ಹೋಗುತ್ತೆ. ಕಿಟಕಿ ಸೀಟು ಸಿಕ್ಕರೆ ಅದೇ ಗಿಫ್ಟ್.

ಯಾರಿಗಾದರೂ ಏನಾದರೂ ಕೊಡಿ. ಆರೋಗ್ಯವಾಗಿದ್ದು, 18 ದಾಟಿ, ತೂಕ 45 ಕೆ.ಜಿ.ಗಿಂತ ಕಡಿಮೆ ಇಲ್ಲದಿದ್ದರೆ ರಕ್ತದಾನ ಮಾಡಬಹುದು. ಗಂಡಸರಿಗೆ ಎರಡು ದಾನಗಳ ಮಧ್ಯೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಅಂತರ ಬೇಕು. ವರ್ಷಕ್ಕೊಮ್ಮೆ ಬರೋ ದಿನಕ್ಕೆ ಇದನ್ನು ಅಂಟಿಸಿಕೊಂಡರೆ ಮರೆಯೋದಿಲ್ಲ.

ಮುಂದಿನ ವರ್ಷದ ನಿಮಗೆ ಒಂದು ಮೇಲ್ ಬರೆದು ಶೆಡ್ಯೂಲ್ ಮಾಡಿ. ನಾನು ವಾಪಸ್ ಬರೋ ಬಸ್ಸಿನಲ್ಲಿ ಬರೆದೆ. ತಿಥಿ ಲೆಕ್ಕದಲ್ಲಿ ಮುಂದಿನ ತೇರಿನ ಮರುದಿನ ಯಾವುದು ಅಂತ ನೋಡಿ ಬೆಳಗ್ಗೆ ಆರಕ್ಕೇ ಬರೋ ಹಾಗೆ ಇಟ್ಟಿದ್ದೇನೆ.

ಒಂದು ಮಾತು ಮಾತ್ರ ಗಂಭೀರವಾಗಿ. ಒಬ್ಬರೇ ಇರೋದು ಬೇರೆ, ಒಳಗೆ ಕುಸಿಯೋದು ಬೇರೆ. ಆ ದಿನ ತೀರಾ ಭಾರ ಅನ್ನಿಸಿದರೆ ಗಟ್ಟಿಯಾಗಿರೋ ನಾಟಕ ಬೇಡ. ಒಬ್ಬ ಗೆಳೆಯನಿಗೆ ಫೋನ್ ಮಾಡಿ, "ಇವತ್ತು ನನ್ನ ಬರ್ತ್‌ಡೇ, ಬೇಜಾರಾಗ್ತಿದೆ" ಅಂತ ಹೇಳಿ. ಯಾರೂ ಸಿಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತಾಡ್ತಾರೆ, ಖರ್ಚಿಲ್ಲ.

ಜೂನ್ 1 ಮತ್ತೆ ಬರುತ್ತೆ. ಕೇಕ್ ಬರುತ್ತೆ, ಮೂರು ಹೆಸರು ಇರುತ್ತೆ, ನಾನೂ ಊದಿ ಚಪ್ಪಾಳೆ ತಟ್ಟಿಸಿಕೊಳ್ತೀನಿ, ಬೇಜಾರಿಲ್ಲ. ಹರಪನಹಳ್ಳಿ ಗೆಳೆಯನಿಗೆ ಮೊನ್ನೆ ಕೇಳಿದೆ, ನಿನ್ನ ನಿಜವಾದ ದಿನ ಯಾವುದೋ ಅಂತ. "ಅವ್ವಗ ಕೇಳ್ಬೇಕು" ಅಂದ. ಅವತ್ತೇ ರಾತ್ರಿ ಕೇಳಿದನಂತೆ, ಒಂದು ತಾಸು ಮಾತಾಡಿದರಂತೆ.

ನೀವು ಯಾವಾಗ ಕೇಳ್ತೀರಿ?