ಗೃಹಕೌಶಲ: ಹಳೆಯ ರೇಡಿಯೋ ಪೆಟ್ಟಿಗೆಯ ಜೀರ್ಣೋದ್ಧಾರ



ಮನೆಯ ಹಳೆಯ ವಸ್ತುಗಳಿಗೆ ನಮ್ಮ ಉದಾಸೀನಕ್ಕಿಂತಲೂ ನಮ್ಮ ಅತಿಯಾದ ಉತ್ಸಾಹವೇ ಹೆಚ್ಚು ಅಪಾಯಕರವೆಂಬುದನ್ನು ನಾನು ಒಂದು ರೇಡಿಯೋ ಪೆಟ್ಟಿಗೆಯನ್ನು ಕೆಡಿಸಿ ಕಲಿತೆನು. ಆ ಪಾಠದ ಬಲದಿಂದಲೇ ಮತ್ತೊಂದನ್ನು ಉಳಿಸಿಕೊಂಡೆನು. ಎರಡರ ವೃತ್ತಾಂತವನ್ನೂ ತಮ್ಮ ಮುಂದಿಡುವುದು ಈ ತಿಂಗಳ ಉದ್ದೇಶವಾಗಿದೆ.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ಬಾನುಲಿಯನ್ನು ಪ್ರಾರಂಭಿಸಿದರು. ಆಕಾಶವಾಣಿಯೆಂಬ ಹೆಸರು ಪ್ರಸಿದ್ಧಿಗೆ ಬಂದುದು ಅಲ್ಲಿಂದಲೇ. ಮುಂದೆ ೧೯೫೦ರಲ್ಲಿ ಧಾರವಾಡದ ನಿಲಯವೂ, ೧೯೫೫ರಲ್ಲಿ ಬೆಂಗಳೂರಿನ ನಿಲಯವೂ, ೧೯೬೫ರಲ್ಲಿ ನಮಗೆ ಸಮೀಪದ ಭದ್ರಾವತಿಯ ನಿಲಯವೂ ಆರಂಭವಾದವು. ಆ ಕಾಲದಲ್ಲಿ ದಾವಣಗೆರೆ, ಹರಿಹರಗಳ ಅನುಕೂಲವುಳ್ಳ ಮನೆಗಳಲ್ಲಿ ಮರದ ರೇಡಿಯೋ ಪೆಟ್ಟಿಗೆಯು ನಡುಮನೆಯ ಹಿರಿಯರಂತೆ ಕುಳಿತಿದ್ದಿತು. ಈಗ ಅವುಗಳಲ್ಲಿ ಅನೇಕವು ಅಟ್ಟವನ್ನು ಸೇರಿವೆ.

ನಮ್ಮ ಸೋದರಮಾವನವರ ಮನೆಯ ಪೆಟ್ಟಿಗೆಯೂ ಹಾಗೆಯೇ ಮಂಕಾಗಿದ್ದಿತು. ಹೊಸದರಂತೆ ಮಾಡಿಕೊಡುವೆನೆಂದು ಹೇಳಿ, ಮರಳುಕಾಗದವನ್ನು ಹಿಡಿದು ಉಜ್ಜಲಾರಂಭಿಸಿದೆನು. ಅರ್ಧ ಗಂಟೆಯೊಳಗಾಗಿ ಸೊಗಸಾದ ಕಂದು ಎಳೆಗಳ ನಡುವೆ ಬಿಳಿಚಿದ ಮಚ್ಚೆಯೊಂದು ಕಾಣಿಸಿಕೊಂಡಿತು. ಈ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಗಟ್ಟಿಮರದವಲ್ಲ. ಪ್ಲೈವುಡ್ಡಿನ ಮೇಲೆ ವಾಲ್‌ನಟ್ ಮೊದಲಾದ ಬೆಲೆಯುಳ್ಳ ಮರದ ತೆಳುಹಾಳೆಯನ್ನು ಅಂಟಿಸಿರುವರು. ಅದರ ದಪ್ಪವು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಅದು ಸವೆದುಹೋದ ಮೇಲೆ ಯಾವ ಮೆರುಗಿನಿಂದಲೂ ಮರಳಿ ಬಾರದು. ಅತ್ತೆಯವರು ಆ ಮಚ್ಚೆಯ ಮೇಲೆ ಕೈಯಾಡಿಸಿ, "ಇರಲಿ ಬಿಡಪ್ಪ" ಎಂದರು. ಬೈದಿದ್ದರೆ ಅಷ್ಟು ನಾಟುತ್ತಿರಲಿಲ್ಲ.

ಸರಸ್ವತಿ ನಗರದ ನಮ್ಮ ಮನೆಯಲ್ಲಿರುವುದು ಗತಿಸಿದ ನಮ್ಮ ತಂದೆಯವರು ಕೊಂಡ ಪೆಟ್ಟಿಗೆ. ಬಲಗಡೆಯ ಗುಂಡಿಯ ಪಕ್ಕದಲ್ಲಿ ಅವರ ಹೆಬ್ಬೆರಳು ತಾಗಿ ತಾಗಿ ಮೆರುಗು ಸವೆದ ಒಂದು ಎಡೆಯುಂಟು. ತಾಯಿಯವರ ದೃಷ್ಟಿ ಈಗ ಬಹಳ ಮಂದವಾಗಿದೆ. ಅವರು ಆ ಎಡೆಯನ್ನು ಬೆರಳಿನಿಂದ ತಡವಿಯೇ ಪೆಟ್ಟಿಗೆಯ ಗುರುತು ಹಿಡಿಯುವರು. ನಾನು ಇದಕ್ಕೂ ಕೈಹಚ್ಚುವೆನೆಂದಾಗ ಅವರು ಹೇಳಿದ್ದು ಒಂದೇ ಮಾತು: "ಹೊಳಪು ಬ್ಯಾಡಪ್ಪ, ಗುರುತು ಸಿಕ್ಕರೆ ಸಾಕು." ಇಡೀ ಕೆಲಸಕ್ಕೆ ಆ ಮಾತನ್ನೇ ಸೂತ್ರವಾಗಿಟ್ಟುಕೊಂಡೆನು.

ಕೆಲಸದ ಕ್ರಮವನ್ನು ಇನ್ನು ಹೇಳುವೆನು. ಮೊದಲು ವಿದ್ಯುತ್ತಿನ ಪ್ಲಗ್ಗನ್ನು ಕೀಳಬೇಕು. ಅಷ್ಟರಿಂದಲೇ ಅಪಾಯವು ಕಳೆಯಿತೆಂದು ತಿಳಿಯಕೂಡದು. ಒಳಗಿನ ಕಂಡೆನ್ಸರುಗಳು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಆದುದರಿಂದ ಯಂತ್ರಭಾಗವನ್ನು ರೇಡಿಯೋ ರಿಪೇರಿಯನ್ನು ಬಲ್ಲವರಿಂದಲೇ ಹೊರತೆಗೆಯಿಸುವುದು ಲೇಸು. ಕೆಲವು ಪೆಟ್ಟಿಗೆಗಳ ಒಳಗೆ ಬಿಸಿಯನ್ನು ತಡೆಯಲು ಕಲ್ನಾರಿನ ಹಾಳೆಯನ್ನು ಹೊಡೆದಿರುವರು. ಅದನ್ನು ಕೆರೆಯಲೇ ಬಾರದು, ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ನಿಲಯಗಳ ಹೆಸರುಗಳುಳ್ಳ ಗಾಜಿನ ಹಿಂಬದಿಯನ್ನು ಒರೆಸುವ ಚಪಲವನ್ನೂ ಬಿಡಬೇಕು. ಅಲ್ಲಿಯ ಅಕ್ಷರಗಳು ಸ್ಪಿರಿಟ್ಟಿಗೆ ಮಾತ್ರವಲ್ಲ, ಕೆಲವೊಮ್ಮೆ ಬರಿಯ ನೀರಿಗೂ ಕಳಚಿಬರುವುವು. ಸ್ಪೀಕರಿನ ಮುಂದಣ ಬಟ್ಟೆಯನ್ನು ಒಗೆದರೆ ಅದು ಕುಗ್ಗುವುದು. ಮೃದುವಾದ ಕುಂಚದಿಂದ ಧೂಳನ್ನು ತೆಗೆದರೆ ಸಾಕು.

ಎರಡನೆಯದು ಶುದ್ಧಿ. ಊದುಬತ್ತಿಯ ಹೊಗೆ, ದೀಪದ ಮಸಿ, ಕೈಯ ಜಿಡ್ಡು ಇವೆಲ್ಲವೂ ಸೇರಿ ಮೆರುಗನ್ನು ಮುಚ್ಚಿರುವುವು. ಸಾಬೂನಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಅರಿವೆಯಿಂದ ಒರೆಸಿ, ಕೂಡಲೇ ಒಣ ಅರಿವೆಯಿಂದ ತೇವವನ್ನು ತೆಗೆಯಬೇಕು. ಬಳಿಕ ಟರ್ಪಂಟೈನ್ ಎಣ್ಣೆಯನ್ನು ಸೋಕಿಸಿ ಒರೆಸಿದರೆ ಜಿಡ್ಡು ಬಿಡುವುದು. ನಮ್ಮ ಪೆಟ್ಟಿಗೆಯ ಮಂಕಿನಲ್ಲಿ ಅರ್ಧಪಾಲು ಇಷ್ಟರಿಂದಲೇ ಮಾಯವಾಯಿತು.

ಮೂರನೆಯದು ಪರೀಕ್ಷೆ. ಕಣ್ಣಿಗೆ ಬೀಳದ ತಳಭಾಗದಲ್ಲಿ ಮೆಥಿಲೇಟೆಡ್ ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆಯನ್ನು ಒತ್ತಿ ನೋಡಿರಿ. ಮೆರುಗು ಕರಗಿ ಅಂಟಂಟಾದರೆ ಅದು ಸಾಮಾನ್ಯವಾಗಿ ಅರಗಿನ ಫ್ರೆಂಚ್ ಪಾಲಿಷ್. ಹಾಗಾಗದೆ ಥಿನ್ನರಿಗೆ ಕರಗಿದರೆ ಅದು ಕಾರ್ಖಾನೆಯಲ್ಲಿ ಸಿಂಪಡಿಸಿದ ಸೆಲ್ಯುಲೋಸ್ ಲ್ಯಾಕರ್. ಇದು ಬಿರುಕುಬಿಡದೆ ಗಟ್ಟಿಯಾಗಿದ್ದರೆ ಜೇನುಮೇಣದ ಲೇಪವೇ ಸಾಕು. ಯಾವುದಿದ್ದರೂ ಪೂರ್ತಿಯಾಗಿ ಕಿತ್ತುಹಾಕುವ ಮುನ್ನ ಎರಡು ಬಾರಿ ಯೋಚಿಸಬೇಕು. ಅಂಚಿನ ಕಪ್ಪು ಪಟ್ಟಿಯು ಅನೇಕ ಪೆಟ್ಟಿಗೆಗಳಲ್ಲಿ ಮರದ ಬಣ್ಣವಲ್ಲ, ಬಣ್ಣ ಬೆರೆಸಿದ ಮೆರುಗು. ಮೆರುಗನ್ನು ಕಿತ್ತರೆ ಅದರೊಡನೆ ಆ ಪಟ್ಟಿಯೂ, ತಯಾರಕರ ಹೆಸರಿನ ಮುದ್ರೆಯೂ ಹೋಗಿಬಿಡುವುವು.

ನಮ್ಮದು ಅರಗಿನ ಮೆರುಗೆಂದು ತಿಳಿದುಬಂದಿತು. ಅರಗೆಂಬುದು ಮುತ್ತುಗ ಮೊದಲಾದ ಮರಗಳ ರೆಂಬೆಗಳ ಮೇಲೆ ಒಂದು ಸಣ್ಣ ಕೀಟವು ಸ್ರವಿಸುವ ಅಂಟು. ಚನ್ನಪಟ್ಟಣದ ಕುಶಲಿಗಳು ತಿರುಗುತ್ತಿರುವ ಹಾಲೆಮರದ ಬೊಂಬೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿದು, ಉಜ್ಜಿದ ಬಿಸಿಗೆ ಅದನ್ನು ಕರಗಿಸಿ ಬಳಿಯುವರು. ಹಳೆಯ ಗ್ರಾಮಫೋನ್ ತಟ್ಟೆಗಳಿಗೂ ಇದೇ ಅರಗು ಬೇಕಾಗಿದ್ದಿತು. ಇದರ ದೊಡ್ಡ ಗುಣವೇನೆಂದರೆ, ಹೊಸ ಲೇಪವು ಹಳೆಯ ಲೇಪವನ್ನು ಸ್ವಲ್ಪ ಕರಗಿಸಿ ಅದರೊಡನೆಯೇ ಬೆರೆತುಕೊಳ್ಳುವುದು. ಆದುದರಿಂದ ಹಳೆಯದನ್ನು ಕೀಳಬೇಕಾಗಿಯೇ ಇಲ್ಲ.

ಮೊದಲು ಎದ್ದುನಿಂತ ತೆಳುಹಾಳೆಯನ್ನು ಮರಗೋಂದಿನಿಂದ ಅಂಟಿಸಿ, ಮೇಲೆ ಭಾರವಿಟ್ಟು, ಒಂದು ದಿನ ಬಿಡಬೇಕು. ಬಳಿಕ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಹಚ್ಚಬೇಕು. ಗಿರಣಿಗಳಿಂದ ಹೆಸರಾದ ನಮ್ಮ ದಾವಣಗೆರೆಯಲ್ಲಿ ಅರಳೆಗೇನು ಬರವೆ? ಹಿಡಿಯಷ್ಟು ಅರಳೆಯ ಉಂಡೆಯನ್ನು ಮೆತ್ತನೆಯ ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ, ಪಾಲಿಷಿನಲ್ಲಿ ಅದ್ದಿ, ಕೈಯನ್ನು ಎಲ್ಲಿಯೂ ನಿಲ್ಲಿಸದೆ ಉದ್ದಕ್ಕೆ ಎಳೆಯಬೇಕು. ನಿಲ್ಲಿಸಿದೆಡೆಯಲ್ಲಿ ಉಂಡೆಯು ಅಂಟಿಕೊಂಡು ಕಲೆಯಾಗುವುದು. ಲೇಪವು ತೆಳುವಾಗಿರಲಿ, ಒಂದು ಒಣಗಿದ ಮೇಲೆಯೇ ಇನ್ನೊಂದು. ಮಳೆಗಾಲದ ತೇವದಲ್ಲಿ ಅರಗು ಬೆಳ್ಳಗೆ ಮಂಜಾಗುವುದರಿಂದ ದೀಪಾವಳಿ ಕಳೆದ ಮೇಲಣ ಒಣದಿನಗಳು ಉತ್ತಮ. ಸ್ಪಿರಿಟ್ಟಿಗೆ ಬೆಂಕಿಯು ಥಟ್ಟನೆ ಹತ್ತುವುದು; ಅದು ವಿಷವೂ ಹೌದು. ಒಲೆ, ದೀಪ, ಮಕ್ಕಳು ಈ ಮೂರರಿಂದಲೂ ಅದನ್ನು ದೂರವಿಡತಕ್ಕದ್ದು.

ತಂದೆಯವರ ಬೆರಳಿನ ಎಡೆಗೆ ನಾನು ಪಾಲಿಷನ್ನು ಸೋಕಿಸಲಿಲ್ಲ. ಸವೆದ ಮರಕ್ಕೆ ರಕ್ಷಣೆಯಾಗಲೆಂದು ಟರ್ಪಂಟೈನಿನಲ್ಲಿ ಕರಗಿಸಿದ ಜೇನುಮೇಣವನ್ನು ಒಮ್ಮೆ ತೆಳುವಾಗಿ ಸವರಿ ಒರೆಸಿದೆನು, ಅಷ್ಟೆ.

ಮರಳಿ ಜೋಡಿಸುವಾಗಲೂ ಒಂದು ಎಚ್ಚರವಿರಬೇಕು. ಎ.ಸಿ., ಡಿ.ಸಿ. ಎರಡಕ್ಕೂ ಹೊಂದುವ ಹಳೆಯ ರೇಡಿಯೋಗಳಲ್ಲಿ ಒಳಗಿನ ಲೋಹದ ಚೌಕಟ್ಟಿಗೇ ವಿದ್ಯುತ್ತು ಹರಿಯಬಹುದು. ಗುಂಡಿಗಳನ್ನು ಬಿಗಿಯುವ ಚಿಕ್ಕ ತಿರುಪು ಬೆರಳಿಗೆ ತಗಲಿದರೆ ಪ್ರಾಣಕ್ಕೇ ಅಪಾಯ. ಅದಕ್ಕಾಗಿಯೇ ಹಿಂದೆ ಆ ರಂಧ್ರಕ್ಕೆ ಮೇಣವನ್ನು ತುಂಬುತ್ತಿದ್ದರು. ತೆಗೆದ ಮೇಣವನ್ನು ಮರೆಯದೆ ಮತ್ತೆ ತುಂಬಬೇಕು, ಹಿಂಬದಿಯ ಮುಚ್ಚಳವನ್ನೂ ಹಾಕಬೇಕು. ಬಲ್ಲವರು ಕಂಡೆನ್ಸರುಗಳನ್ನು ಪರೀಕ್ಷಿಸುವವರೆಗೆ ವಿದ್ಯುತ್ತನ್ನು ಕೊಡಕೂಡದು.

ಕೆಲಸ ಮುಗಿದ ಸಂಜೆ ಪೆಟ್ಟಿಗೆಯನ್ನು ಅದರ ಮೂಲೆಯಲ್ಲಿಟ್ಟು ತಾಯಿಯವರನ್ನು ಕರೆದೆನು. ಮೇಲ್ಭಾಗದ ಹೊಸ ನುಣುಪಿನ ಮೇಲೆ ಅವರ ಕೈ ಒಂದು ಕ್ಷಣ ಅನುಮಾನದಿಂದ ನಿಂತಿತು. ಮೆಲ್ಲನೆ ಕೆಳಗಿಳಿದು ಗುಂಡಿಯ ಪಕ್ಕವನ್ನು ಮುಟ್ಟಿತು. "ಹೂಂ, ಇಲ್ಲೇ ಐತಿ" ಎಂದು ಹೇಳಿ ಅಲ್ಲಿಯೇ ಕುಳಿತುಕೊಂಡರು.

ತಮ್ಮ ಮನೆಯಲ್ಲಿ ಇಂತಹ ಪೆಟ್ಟಿಗೆಯಿದ್ದರೆ, ಮರಳುಕಾಗದವನ್ನು ಕೊಳ್ಳುವ ಮೊದಲು ಮನೆಯ ಹಿರಿಯರನ್ನು ಒಂದು ಮಾತು ಕೇಳಿರಿ. ಯಾವ ಕಲೆಯನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕೆಂಬುದು ಅವರಿಗೇ ತಿಳಿದಿರುವುದು.