ಹದಿನಾರು ಮನೆಯ ವಠಾರ

ಮಕ್ಕಳೇ, ‘ಮಿಡಿ’ ಎಂದರೆ ನಿಮಗೇನು ನೆನಪಾಗುತ್ತದೆ? ನಮ್ಮ ಮನೆಯ ಅಜ್ಜಿಗೆ ನೆನಪಾಗುವುದು ಉಪ್ಪಿನಕಾಯಿ ಜಾಡಿ. ಎಂಟನೆಯ ತರಗತಿಯ ಮೊಮ್ಮಗಳಿಗೆ ಮಾತ್ರ ಅದು ಕಂಪ್ಯೂಟರಿನಲ್ಲಿ ಸಂಗೀತ ಜೋಡಿಸುವ ವಿದ್ಯೆ. ಕಳೆದ ಭಾನುವಾರ ಈ ಎರಡು ಮಿಡಿಗಳ ನಡುವೆ ನಾನು ಸಿಕ್ಕಿಕೊಂಡೆ.

ಅಜ್ಜಿ ಹಿಂದೆ ಚೆನ್ನಾಗಿ ಹಾರ್ಮೋನಿಯಂ ನುಡಿಸುತ್ತಿದ್ದಳು. ಈಗ ಬೆರಳಿನ ಗಂಟುಗಳಲ್ಲಿ ನೋವು. ಮಕ್ಕಳನ್ನು ಮಲಗಿಸಲು ಅವಳೇ ಕಟ್ಟಿದ್ದ ಜೋಗುಳದ ಧಾಟಿಯನ್ನು ಉಳಿಸಿಕೊಳ್ಳಲೇಬೇಕೆಂದು ಮೊಮ್ಮಗಳ ಹಟ. ಕೀಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿ ಅಜ್ಜಿಯನ್ನು ಕೂರಿಸಿದಳು. ಅಜ್ಜಿ ನೋವು ನುಂಗಿಕೊಂಡು ಪೂರ್ತಿ ನುಡಿಸಿದಳು. ಕೀಬೋರ್ಡಿನಿಂದ ಹಾರ್ಮೋನಿಯಂ ದನಿ ಇಂಪಾಗಿಯೇ ಬಂತು. ಆದರೆ ಕಂಪ್ಯೂಟರಿನಲ್ಲಿ ಮತ್ತೆ ಕೇಳಿದರೆ ಬರೀ ಢಬ್ ಢಬ್, ಚಿಲ್ ಚಿಲ್!

“ನನ್ನ ನಡುಗುವ ಕೈಯೇ ಹಾಳುಮಾಡಿತು. ಇನ್ನೊಮ್ಮೆ ನುಡಿಸುವ ಶಕ್ತಿ ನನಗಿಲ್ಲ ಪುಟ್ಟಿ” ಎಂದು ಅಜ್ಜಿ ಎದ್ದು ಅಡುಗೆಮನೆಗೆ ಹೋಗಿಬಿಟ್ಟಳು. ಮೊಮ್ಮಗಳ ಕಣ್ಣಲ್ಲಿ ನೀರು.

ನಿಜವಾಗಿ ಏನಾಗಿತ್ತು? ಅದಕ್ಕೆ ಮಿಡಿ ಎಂದರೇನೆಂದು ಸ್ವಲ್ಪ ತಿಳಿಯಬೇಕು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದೇ ಭಾಷೆಯಲ್ಲಿ ಮಾತಾಡಲೆಂದು 1983ರಲ್ಲಿ ಬಂದ ಒಪ್ಪಂದ ಅದು. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಮುಂದೆ ನಿಂತು ಮಾಡಿದ ಕೆಲಸ. ಆ ವರ್ಷದ ಜನವರಿಯಲ್ಲಿ ಇಬ್ಬರ ಕಂಪನಿಗಳ ಎರಡು ವಾದ್ಯಗಳನ್ನು ತಂತಿಯಿಂದ ಜೋಡಿಸಿ, ಅವು ಒಂದರ ಮಾತನ್ನು ಇನ್ನೊಂದು ಕೇಳುವುದನ್ನು ಜನರಿಗೆ ತೋರಿಸಿದರು.

ಮಿಡಿ ತಂತಿಯಲ್ಲಿ ದನಿ ಹರಿಯುವುದಿಲ್ಲ, ಸುದ್ದಿ ಹರಿಯುತ್ತದೆ. ಯಾವ ಮನೆ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು, ಯಾವಾಗ ಬಿಟ್ಟರು, ಇಂಥ ಸುದ್ದಿ. ಒಂದು ಕಾಗದದ ಹಾಗೆ. ಕಾಗದಕ್ಕೆ ವಿಳಾಸ ಬೇಡವೇ?

ನಾನು ಹುಡುಗನಾಗಿದ್ದಾಗ ನಾವಿದ್ದುದು ವಠಾರದಲ್ಲಿ. ಒಂದೇ ಗೇಟು, ಒಳಗೆ ಸಾಲು ಮನೆಗಳು. ಅಂಚೆಯವನು ಗೇಟಿನಲ್ಲಿ ನಿಂತು “ಏಳನೇ ಮನೆ!” ಎಂದು ಕೂಗಿದರೆ ಎಲ್ಲರಿಗೂ ಕೇಳಿಸುತ್ತಿತ್ತು, ಏಳನೇ ಮನೆಯವರು ಮಾತ್ರ ಬಾಗಿಲು ತೆರೆಯುತ್ತಿದ್ದರು. ಮಿಡಿಯಲ್ಲೂ ಹಾಗೆಯೇ. ಪೋರ್ಟ್ ಎಂದರೆ ವಠಾರದ ಗೇಟು. ಚಾನೆಲ್ ಎಂದರೆ ಒಳಗಿನ ಮನೆ ನಂಬರು. ಒಂದು ವಠಾರಕ್ಕೆ 16 ಮನೆ. ಹದಿನಾರೇ ಏಕೆ? ಚಾನೆಲ್ ನಂಬರಿಗೆ ಇರುವುದು ಸೊನ್ನೆ ಅಥವಾ ಒಂದು ತುಂಬಬಹುದಾದ ನಾಲ್ಕು ಚೌಕ ಮಾತ್ರ. ಎರಡನ್ನು ನಾಲ್ಕು ಸಲ ಗುಣಿಸಿ ನೋಡಿ: 2×2×2×2, ಹದಿನಾರು!

ಅದಕ್ಕಿಂತ ಹೆಚ್ಚು ವಾದ್ಯ ಬೇಕಾದರೆ ಇನ್ನೊಂದು ವಠಾರ, ಅಂದರೆ ಇನ್ನೊಂದು ಪೋರ್ಟ್. ಎರಡಾದರೆ 32 ಮನೆ, ನಾಲ್ಕಾದರೆ 64. ಎರಡು ವಠಾರದಲ್ಲೂ ಒಂದನೇ ಮನೆ ಇರುತ್ತದೆ, ಆದರೆ ಅವು ಬೇರೆ ಬೇರೆ. ಒಂದೇ ವಠಾರದಲ್ಲಿ ಇಬ್ಬರಿಗೆ ಒಂದೇ ನಂಬರು ಕೊಟ್ಟರೋ, ಒಂದು ಕಾಗದಕ್ಕೆ ಇಬ್ಬರೂ ಓಡಿಬರುತ್ತಾರೆ. ಕೊಳಲಿಗೆ ಬರೆದದ್ದನ್ನು ಪಿಟೀಲೂ ನುಡಿಸುತ್ತದೆ!

ಇನ್ನೊಂದು ಗುಟ್ಟು. ಬಹುತೇಕ ಕಡೆ ಪಾಲಿಸುವ ಪದ್ಧತಿಯಂತೆ ಹತ್ತನೇ ಮನೆ ತಾಳವಾದ್ಯದವರದು. ಅಲ್ಲಿಗೆ ಯಾವ ಸ್ವರ ಕಳಿಸಿದರೂ ಡ್ರಮ್, ಜಾಗಟೆಯಂಥ ಸದ್ದೇ ಬರುತ್ತದೆ. ಮೊಮ್ಮಗಳು ಹಿಂದಿನ ದಿನ ತಾಳ ಕೂಡಿಸಿದ್ದಳು, ಚಾನೆಲ್ 10ರಲ್ಲೇ ಬಿಟ್ಟಿದ್ದಳು. ಅಜ್ಜಿಯ ಜೋಗುಳ ನೇರ ಡ್ರಮ್ಮಿನವರ ಮನೆಗೆ ಹೋಗಿತ್ತು!

ಮೊಮ್ಮಗಳು ಚಾನೆಲ್ಲನ್ನು 1ಕ್ಕೆ ಬದಲಿಸಿದಳು. ಈಗ ಸದ್ದೇ ಇಲ್ಲ. ನನ್ನ ಎದೆ ಧಸಕ್ಕೆಂದಿತು. ನೋಡಿದರೆ ಅವಸರದಲ್ಲಿ ಪೋರ್ಟೂ ಬದಲಾಗಿ, ಕಾಗದ ಪಕ್ಕದ ವಠಾರಕ್ಕೆ ಹೋಗಿತ್ತು. ಅಲ್ಲಿದ್ದ ಹಳೆಯ ಪೆಟ್ಟಿಗೆಗೆ ಕರೆಂಟೇ ಹಾಕಿರಲಿಲ್ಲ. ಪೋರ್ಟ್ ಸರಿಮಾಡಿ ಗುಂಡಿ ಒತ್ತಿದಳು.

ಹಾರ್ಮೋನಿಯಂ ದನಿಯಲ್ಲಿ ಜೋಗುಳ ಹೊರಟಿತು. ಅಜ್ಜಿ ಮತ್ತೆ ನುಡಿಸಬೇಕಾಗಲಿಲ್ಲ. ಅವಳ ಬೆರಳು ಕಳಿಸಿದ ಸುದ್ದಿಯಲ್ಲಿ ಒಂದಕ್ಷರವೂ ಕೆಟ್ಟಿರಲಿಲ್ಲ, ತಪ್ಪಿದ್ದು ವಿಳಾಸ ಮಾತ್ರ. ಅಜ್ಜಿ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು. ನಡುವೆ ಒಂದು ಕಡೆ ನೋವಿನಿಂದ ಅವಳು ತಡೆದಿದ್ದಳು, ಅದೂ ಹಾಗೆಯೇ ಕೇಳಿಸಿತು. “ಇದನ್ನು ಸರಿಮಾಡಬಹುದು, ಆದರೆ ಮಾಡಲ್ಲ. ಅಲ್ಲಿ ನೀನು ಉಸಿರು ತಗೊಂಡಿದ್ದೀಯ” ಎಂದಳು ಮೊಮ್ಮಗಳು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಕ್ಕಳೇ, ಕಂಪ್ಯೂಟರಿನಲ್ಲಿ ವಾದ್ಯ ಮುನಿಸಿಕೊಂಡರೆ ಮೊದಲು ಗೇಟು ನೋಡಿ, ಆಮೇಲೆ ಮನೆ ನಂಬರು ನೋಡಿ. ಅಜ್ಜ ಅಜ್ಜಿಯರೇ, ಯಂತ್ರ ತಪ್ಪಿದಾಗ ನಿಮ್ಮ ಕೈಯನ್ನು ಬೈದುಕೊಳ್ಳಬೇಡಿ. ಪಕ್ಕದಲ್ಲಿರುವ ಮೊಮ್ಮಗುವನ್ನು ಕೇಳಿ: “ಪುಟ್ಟಾ, ವಿಳಾಸ ಸರಿ ಇದೆಯಾ?”