ಗೃಹಸ್ಥರೊಡನೆ ನಾಲ್ಕು ಮಾತು: ಕಿಟಕಿಯ ತೆರೆ



ಮನೆಗೆ ಸುಣ್ಣಬಣ್ಣಗಳಾದ ಮೇಲೆ ಕಿಟಕಿಗಳಿಗೆ ಎಂತಹ ತೆರೆಗಳನ್ನು ಹಾಕಬೇಕೆಂದು ಗೃಹಿಣಿಯರು ವಿಚಾರಿಸುವುದುಂಟು. ಗೃಹಸ್ಥರು ಆ ಮಾತನ್ನು ಅಲ್ಪವೆಂದು ಅಲಕ್ಷಿಸುವುದೂ ಉಂಟು. ನಾನೂ ಹಾಗೆಯೇ ಅಲಕ್ಷಿಸಿದವನು. ಆದರೆ ಅದರ ಫಲವನ್ನುಂಡವನು ನಾನಲ್ಲ; 84 ವರ್ಷದ ನಮ್ಮ ತಾಯಿಯವರು. ಆದುದರಿಂದ ಈ ತಿಂಗಳು ಆ ವಿಷಯವನ್ನೇ ಎತ್ತಿಕೊಂಡಿದ್ದೇನೆ.

ಸಂಸ್ಕೃತದಲ್ಲಿ ಕಿಟಕಿಗೆ ವಾತಾಯನವೆಂದು ಹೆಸರು. ಗಾಳಿಯು ಬರುವ ದಾರಿಯೆಂದರ್ಥ. ಗವಾಕ್ಷವೆಂಬುದು ಇನ್ನೊಂದು ಹೆಸರು, ಗೋವಿನ ಕಣ್ಣೆಂದರ್ಥ. ಒಂದು ಹೆಸರು ಮನೆಯ ಉಸಿರನ್ನು ಹೇಳಿದರೆ ಮತ್ತೊಂದು ಅದರ ನೋಟವನ್ನು ಹೇಳುತ್ತದೆ. ತೆರೆಗಾದರೋ ಅಮರಕೋಶದಲ್ಲಿ ಬರುವ ಹೆಸರುಗಳಲ್ಲಿ ತಿರಸ್ಕರಿಣಿ ಎಂಬುದೊಂದು. ಮರೆಮಾಡುವಂತಹದು ಎಂದು ಭಾವ. ಉಸಿರಾಡುವ, ನೋಡುವ ಅಂಗದ ಮುಂದೆ ಮರೆಮಾಡುವ ವಸ್ತುವನ್ನಿಡುವಾಗ ಅಳತೆಯರಿತು ಇಡಬೇಕಷ್ಟೆ! ಈ ಅಳತೆಯನ್ನು ನಮ್ಮ ಹಿಂದಿನ ಶಿಲ್ಪಿಗಳು ಬಲ್ಲವರಾಗಿದ್ದರು. ರಾಣಿ ಲೋಕಮಹಾದೇವಿಯು 8ನೆಯ ಶತಮಾನದಲ್ಲಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಗೋಡೆಗಳಲ್ಲಿರುವ ಕಲ್ಲಿನ ಜಾಲಂಧ್ರಗಳನ್ನು ನೋಡಿದವರಿಗೆ ಇದು ತಿಳಿದೀತು. ಅವು ಬಿಸಿಲಿನ ಉರಿಯನ್ನು ಒಡೆಯುತ್ತವೆ, ಆದರೆ ಬೆಳಕಿಗೂ ಗಾಳಿಗೂ ದಾರಿ ಬಿಡುತ್ತವೆ.

ಎರಡು ವರ್ಷಗಳ ಕೆಳಗೆ ಧಾರವಾಡದ ನಮ್ಮ ಮನೆಯನ್ನು ದುರಸ್ತಿ ಮಾಡಿಸಿದಾಗ ನಾನೂ ಮಗನೂ ಅಂಗಡಿಗೆ ಹೋಗಿ, ಸಿದ್ಧವಾಗಿ ಹೊಲಿದಿಟ್ಟಿದ್ದ ಕಡುಗೆಂಪು ಮಖಮಲ್ಲಿನ ತೆರೆಗಳನ್ನು ಕೊಂಡುತಂದೆವು. ಸ್ನೇಹಿತರೊಬ್ಬರ ಮನೆಯಲ್ಲಿ ಅಂತಹವನ್ನು ಕಂಡು ನನಗೆ ಆಸೆಯಾಗಿತ್ತು. ಅಳತೆಯನ್ನಾಗಲಿ ಸೂರ್ಯನ ದಿಕ್ಕನ್ನಾಗಲಿ ನಾವು ನೋಡಲಿಲ್ಲ. ತಾಯಿಯವರ ಕೋಣೆಯ ಕಿಟಕಿಯು ಪೂರ್ವಕ್ಕೆ, ಬೀದಿಯ ಕಡೆಗೆ ಇದೆ. ಧೂಳು ಬರುತ್ತದೆ, ದಾರಿಹೋಕರು ಇಣುಕುತ್ತಾರೆ ಎಂದು ಆ ತೆರೆಯನ್ನು ಸದಾ ಎಳೆದೇ ಇಟ್ಟೆವು. ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಅವರು ಹಾಸಿಗೆಯನ್ನು ಬಿಟ್ಟೇಳುವುದೇ ವಿರಳವಾಗಿದ್ದಿತು.

ಒಂದೆರಡು ತಿಂಗಳಲ್ಲಿ ಅವರ ಹಗಲುರಾತ್ರಿಗಳು ಅದಲುಬದಲಾದವು. ಮಧ್ಯಾಹ್ನವೆಲ್ಲ ನಿದ್ದೆ, ನಡುರಾತ್ರಿಯಲ್ಲಿ ಎದ್ದು ಚಹಾ ಕೇಳುವರು, ಸಂಜೆ ನಾಲ್ಕು ಗಂಟೆಗೆ ಬೆಳಗಾಯಿತೇ ಎನ್ನುವರು. ವೃದ್ಧಾಪ್ಯದ ಲಕ್ಷಣವೆಂದು ನಾವು ಸುಮ್ಮನಾದೆವು. ಒಂದು ದಿನ ಊಟ ತಂದ ಸೊಸೆಯೊಡನೆ, “ಹೊತ್ತು ಹೊಂಟದ್ದೂ ತಿಳೀವಲ್ದು, ಮುಳುಗಿದ್ದೂ ತಿಳೀವಲ್ದು. ನನ್ನ ಪೆಟ್ಟಿಗ್ಯಾಗ ಇಟ್ಟಾಂಗ ಆಗೇದವಾ” ಎಂದರು. ಮರುದಿನ ಬಂದ ವೈದ್ಯರು ಕೋಣೆಯನ್ನು ಒಮ್ಮೆ ನೋಡಿ, ನಿದ್ದೆ ಎಚ್ಚರಗಳ ಲೆಕ್ಕವನ್ನು ದೇಹವು ಹಗಲಿನ ಬೆಳಕಿನಿಂದ ಇಟ್ಟುಕೊಳ್ಳುತ್ತದೆ. ಗುಳಿಗೆ ಕೊಡುವ ಮೊದಲು ಬೆಳಗಿನ ಬೆಳಕನ್ನು ಕೊಡಿರೆಂದರು. ನನಗೆ ನಾಚಿಕೆಯಾಯಿತು. ವಾತಾಯನ ಶಬ್ದವನ್ನು ಅದೆಷ್ಟೋ ವರ್ಷ ಹುಡುಗರಿಗೆ ಬಿಡಿಸಿ ಹೇಳಿದವನು ಹೆತ್ತ ತಾಯಿಯ ವಾತಾಯನವನ್ನು ಮುಚ್ಚಿಬಿಟ್ಟಿದ್ದೆನು!

ಅಂದೇ ಮಖಮಲ್ಲನ್ನು ಇಳಿಸಿ, ನಮ್ಮ ಓಣಿಯ ಸಿಂಪಿಗನನ್ನು ಕರೆಸಿದೆನು. ಕಿಟಕಿಗೆ ಎರಡು ಸರಳುಗಳನ್ನು ಹಾಕಿಸಿ, ತೆರೆಯನ್ನು ಎರಡು ಭಾಗ ಮಾಡಿಸಿದೆವು. ಕೆಳಗಿನ ಅರ್ಧಕ್ಕೆ ತೆಳುವಾದ ಬಿಳಿಯ ನೂಲಿನ ಬಟ್ಟೆ; ಬೀದಿಯವರ ಕಣ್ಣಿಗೆ ಅಷ್ಟು ಮರೆ ಸಾಕು. ಮೇಲಿನ ಅರ್ಧವನ್ನು ಹಗಲೆಲ್ಲ ಸರಿಸಿಡುತ್ತೇವೆ; ಮಲಗಿದವರಿಗೆ ಆಕಾಶವೂ ಎದುರಿನ ಬೇವಿನ ಮರದ ತುದಿಯೂ ಕಾಣುತ್ತವೆ.

ಇನ್ನು ಅಳತೆಯ ಕ್ರಮವನ್ನು ಹೇಳುವೆನು. ಬಟ್ಟೆಯ ಟೇಪು ಹಿಗ್ಗುತ್ತದೆ. ಉಕ್ಕಿನ ಟೇಪನ್ನೇ ಹಿಡಿಯತಕ್ಕದ್ದು. ಕಿಟಕಿಯು 48 ಅಂಗುಲ ಅಗಲ, 48 ಅಂಗುಲ ಎತ್ತರವಿದೆಯೆಂದು ತಿಳಿಯಿರಿ. ಸರಳು ಎರಡು ಪಕ್ಕಕ್ಕೂ 6 ಅಂಗುಲ ಹೆಚ್ಚಾಗಿ, ಒಟ್ಟು 60 ಅಂಗುಲವಿರಲಿ. ಆಗ ತೆರೆಯನ್ನು ಸರಿಸಿದರೆ ಅದು ಗೋಡೆಯ ಮೇಲೆ ನಿಂತು ಕಿಟಕಿಯು ತೆರವಾಗುತ್ತದೆ. ನಿರಿಗೆಗಳು ಚೆನ್ನಾಗಿ ಬೀಳಬೇಕಾದರೆ ಸರಳಿನ ಎರಡರಷ್ಟು, ಎಂದರೆ 120 ಅಂಗುಲ ಬಟ್ಟೆ ಬೇಕು. 48 ಅಂಗುಲದ ಅಗಲದ ಬಟ್ಟೆಯಾದರೆ ಮೂರು ತುಂಡುಗಳು. ಉದ್ದವಾದರೋ, ಕಿಟಕಿಗೆ 48, ಮೇಲೆ 4, ಕೆಳಗೆ 6, ಎರಡು ಕೊನೆಗಳನ್ನು ಮಡಚಿ ಹೊಲಿಯಲು 10. ಒಟ್ಟು 68 ಅಂಗುಲ. ನೂಲಿನ ಬಟ್ಟೆಯು ನೀರು ಕಂಡರೆ ಕುಗ್ಗುವುದರಿಂದ 72 ಅಂಗುಲ, ಎಂದರೆ ಎರಡು ಗಜ ಹಿಡಿಯಿರಿ. ಮೂರು ತುಂಡುಗಳಿಗೆ ಆರು ಗಜ, ಸುಮಾರು ಐದೂವರೆ ಮೀಟರು. ಮೊದಲು ಬಟ್ಟೆಯನ್ನು ನೆನೆಸಿ ಒಣಗಿಸಿ, ಆಮೇಲೆ ಕತ್ತರಿಯನ್ನು ಮುಟ್ಟಿಸಬೇಕು. ಈ ಕ್ರಮವನ್ನು ತಲೆಕೆಳಗು ಮಾಡಿದವರ ತೆರೆಗಳು ಮೊದಲ ಒಗೆತಕ್ಕೇ ಗಿಡ್ಡವಾಗುತ್ತವೆ.

ದಿಕ್ಕನ್ನು ನೋಡಿ ಬಟ್ಟೆಯನ್ನಾರಿಸಬೇಕು. ಪೂರ್ವಕ್ಕೆ ತೆಳುವಾದುದು ಸಾಕು. ಉತ್ತರದ ಕಿಟಕಿಗೆ ಮರೆಯ ಮಟ್ಟಿಗೆ ಏನಾದರೂ ಆದೀತು. ದಕ್ಷಿಣಕ್ಕೆ ಬೇಸಗೆಯ ಸೂರ್ಯನು ನಮ್ಮ ಸೀಮೆಯಲ್ಲಿ ನೆತ್ತಿಯ ಮೇಲಿರುವುದರಿಂದ ಚಿಕ್ಕ ಚಜ್ಜವೇ ಅವನನ್ನು ತಡೆಯುತ್ತದೆ. ಕಷ್ಟವಿರುವುದು ಪಶ್ಚಿಮದ ಕಿಟಕಿಗೆ. ಸಂಜೆಯ ಸೂರ್ಯನು ತಗ್ಗಿನಲ್ಲಿ ನಿಂತು ನೇರವಾಗಿ ಒಳಗೆ ಬರುತ್ತಾನೆ. ಅಲ್ಲಿ ಒಳಗೆ ಎಷ್ಟು ದಪ್ಪದ ತೆರೆಯನ್ನು ಹಾಕಿದರೂ ಪೂರ್ಣಫಲವಿಲ್ಲ. ಗಾಜನ್ನು ದಾಟಿ ಬಂದ ತಾಪವು ತೆರೆಯನ್ನು ಕಾಯಿಸಿ ಕೋಣೆಯಲ್ಲೇ ಉಳಿಯುತ್ತದೆ. ಹೊರಗಡೆ ಬಿದಿರಿನ ತಟ್ಟಿಯನ್ನು ಇಳಿಬಿಟ್ಟು, ಒಳಗೆ ಬಿಳಿಯ ಅಸ್ತರನ್ನು ಗಾಜಿನ ಕಡೆಗೆ ಕೊಟ್ಟ ತೆರೆಯನ್ನು ಹಾಕಿರಿ. ರೇಷ್ಮೆಯನ್ನು ಬಿಸಿಲಿಗೆ ಒಡ್ಡಬಾರದು. ಬಣ್ಣ ಮಾಸಿ, ನೂಲು ಜೀರ್ಣವಾಗಿ ಹರಿಯುತ್ತದೆ. ಒಲೆಯ ಹತ್ತಿರದ ಕಿಟಕಿಗೆ ಜೋಲುವ ತೆರೆಯೇ ಬೇಡ. ಮಕ್ಕಳಿರುವ ಮನೆಯಲ್ಲಿ ಎಳೆಯುವ ಹಗ್ಗಗಳನ್ನು ಕುಣಿಕೆಯಾಗಿ ಇಳಿಬಿಡಬಾರದು. ಅದು ಎಳೆಯ ಕೊರಳಿಗೆ ಉರುಲಾದೀತು.

ನೆಲದ ಮೇಲಣ ಹಾಸಿಗೆ ಹೊರಗಿನ ಸರಕನ್ನು ಹುಡುಕಬೇಕಾಗಿಲ್ಲ. ನವಲಗುಂದದ ಹೆಂಗಸರು ನೇಯುವ ಜಮಖಾನೆಗಳಲ್ಲಿ ನವಿಲು, ಪಗಡೆಯ ಹಾಸು ಮುಂತಾದ ಚಿತ್ರಗಳಿರುತ್ತವೆ. ಅದನ್ನು ಬಲ್ಲವರು ಈಗ ಬೆರಳೆಣಿಕೆಯಷ್ಟು. ಕೊಳ್ಳುವವರಿದ್ದರೆ ಮಾತ್ರ ಆ ವಿದ್ಯೆ ಉಳಿದೀತು. ಗಾದಿ, ಲೋಡು, ತಲೆದಿಂಬುಗಳಿಗೆ ಬಿಚ್ಚಿ ಒಗೆಯಲು ಬರುವ ಗವಸುಗಳನ್ನೇ ಹೊಲಿಸಿರಿ. ಒಳಗಿನ ಅರಳೆಯನ್ನು ಆಗಾಗ ಬಿಸಿಲಿಗೆ ಹಾಕಿರಿ. ಗಂಟುಗಟ್ಟಿದ ಅರಳೆಯನ್ನು ಹಿಂಜಿಸಿದರೆ ಹಳೆಯ ಗಾದಿಯೇ ಹೊಸದಾಗುತ್ತದೆ.

ನಮ್ಮ ಸೀಮೆಯ ಕೌದಿಯ ಮಾತನ್ನಾಡದೆ ಮುಗಿಸಲಾರೆನು. ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಜೋಡಿಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಉದ್ದಕ್ಕೂ ಕೈಯಿಂದ ಓಟದ ಹೊಲಿಗೆ ಹಾಕಿದ ಹೊದಿಕೆ ಅದು. ತಾಯಿಯವರ ಪೆಟ್ಟಿಗೆಯಲ್ಲಿದ್ದ ಇಳಕಲ್ಲಿನ ನೂಲಿನ ಸೀರೆಗಳನ್ನು ತೆರೆಗೆ ಬಳಸೋಣವೆಂದು ಸೊಸೆಯು ಹೇಳಿದಳು. ಜೀರ್ಣವಾದ ಬಟ್ಟೆಯು ಬಿಸಿಲಿಗೆ ನಿಲ್ಲದೆಂದು ಅವುಗಳಿಂದ ಕೌದಿಯನ್ನೇ ಹೊಲಿಸಿದೆವು. ಕಣ್ಣು ಮಂಜಾದರೂ ತಾಯಿಯವರು ಅದರ ಮೇಲೆ ಬೆರಳಾಡಿಸಿ, ಇದು ನಿನ್ನ ಮುಂಜಿವೆಯದು, ಇದು ನಿನ್ನ ತಂಗಿಯ ಬಾಣಂತನದ್ದು ಎಂದು ಗುರುತು ಹೇಳುತ್ತಾರೆ.

ಅವರ ರಾತ್ರಿಯ ನಿದ್ದೆಯು ಮೊದಲಿನಂತಾಯಿತೆಂದು ಹೇಳಲಾರೆನು. ಕೆಲವು ರಾತ್ರಿ ಈಗಲೂ ಎದ್ದು ಕುಳಿತಿರುತ್ತಾರೆ. ಆದರೆ ಬೆಳಗಾಯಿತೇ ಎಂದು ನಮ್ಮನ್ನು ಕೇಳುವುದಿಲ್ಲ. ಬೇವಿನ ತುದಿಗೆ ಬಿಸಿಲು ಬಿದ್ದೊಡನೆ ತಾವೇ ಸೊಸೆಯನ್ನು ಎಬ್ಬಿಸುತ್ತಾರೆ.

ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ತೆರೆಯನ್ನು ಕೊಳ್ಳಲು ಅಂಗಡಿಗೆ ಹೋಗುವ ಮುನ್ನ, ಆ ಕೋಣೆಯಲ್ಲಿ ದಿನ ಕಳೆಯುವವರ ಹಾಸಿಗೆಯ ಮೇಲೆ ಒಂದು ಗಳಿಗೆ ನೀವೇ ಮಲಗಿ, ಕಿಟಕಿಯ ಕಡೆಗೆ ನೋಡಿರಿ. ಅಳತೆಯು ಅಲ್ಲಿಂದ ಆರಂಭವಾಗತಕ್ಕದ್ದು.